ಬ್ಯಾಗು ತಗಂಡೋರೇ ಕೊಡಬೇಕು

ಬ್ಯಾಗು ಮೊದಲ ಕೈ ದಾಟಿದೆ. ಎರಡನೆಯ ಕೈ ಅದನ್ನು ಹಿಂದಕ್ಕೆ ಚಾಚುತ್ತಿದೆ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಸಣ್ಣಯ್ಯ ತಲೆ ಎತ್ತುವಷ್ಟರಲ್ಲಿ ನಡುವಿನ ಸೀಟಿನ ಶಿಲ್ಪಶ್ರೀ ಅದನ್ನು ಎಳೆದು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ.

"ಎಲ್ಲಿಗೆ ಕಳಿಸ್ತಿದೀಯ? ತಗಂಡೋರೇ ಇಟ್ಕಬೇಕು."

"ಆಯ್ತು ಬಿಡಿ, ಲೇಡಿ ಕಂಡಕ್ಟ್ರೇ," ಎನ್ನುತ್ತಾನೆ ಹಿಂದಿನ ಹುಡುಗ. ಸುತ್ತಲಿನವರು ನಗುತ್ತಾರೆ. ಶಿಲ್ಪಶ್ರೀಯೂ ನಗುತ್ತಾಳೆ. ಸಣ್ಣಯ್ಯ ಮತ್ತೆ ಟಿಕೆಟ್ಟಿನ ಕಡೆ ತಿರುಗುತ್ತಾನೆ.

ಶನಿವಾರ, ಬೆಳಗಿನ ಸ್ಕೂಲು. ಜಾವಗಲ್ ಬಿಟ್ಟು ಹಳೇಬೀಡಿಗೆ ಹೊರಟಿರುವ ಈ ಹಳದಿ ಬಸ್ಸಿನ ಎಡಗಡೆ ಕಿಟಕಿಗಳಲ್ಲಿ ತೆಂಗಿನ ತೋಟಗಳ ಮೇಲೆ ಬಿಸಿಲು ಈಗಷ್ಟೇ ಇಳಿಯುತ್ತಿದೆ. ಒಳಗೆ ಎಣ್ಣೆ ಹಚ್ಚಿದ ತಲೆಗಳು, ಉಪ್ಪಿಟ್ಟಿನ ವಾಸನೆ, ಪರೀಕ್ಷೆಯ ಉತ್ತರಗಳನ್ನು ಬಾಯಿಪಾಠ ಮಾಡುವ ಗುನುಗು. ಈ ಕಡೆಯ ಬಸ್ಸುಗಳಲ್ಲಿ ನಿಂತ ಮಕ್ಕಳು ಕೂತವರ ತೊಡೆಗೆ ಬ್ಯಾಗು ಒಪ್ಪಿಸುವುದು ವಾಡಿಕೆ. ಗುರುತಿರಬೇಕಿಲ್ಲ, ಕೇಳಬೇಕಿಲ್ಲ. ಕೂತವರ ತೊಡೆ ತುಂಬಿದ್ದರೆ ಬ್ಯಾಗು ಮುಂದಿನ ತೊಡೆಗೆ, ಅಲ್ಲಿಂದ ಮತ್ತೊಂದಕ್ಕೆ. ಆದರೆ ಈ ಬಸ್ಸಿನಲ್ಲಿ ಮಾತ್ರ ಹಾಗೆ ದಾಟಿಸುವಂತಿಲ್ಲ. ಇಸಿದುಕೊಂಡವರೇ ಊರು ಬರುವ ತನಕ ಇಟ್ಟುಕೊಂಡು ಅವರೇ ಕೊಡಬೇಕು. ಈ ನಿಯಮ ಬಸ್ಸಿನಲ್ಲಿ ಎಲ್ಲಿಯೂ ಬರೆದಿಲ್ಲ. ಹೋದ ವರ್ಷ ಒಂದು ಬ್ಯಾಗು ಕಿಟಕಿಯಿಂದ ಆಚೆ ಬಿದ್ದ ಮೇಲೆ ಸಣ್ಣಯ್ಯ ಮಾಡಿದ್ದು.

ಆ ಬ್ಯಾಗು ಮೀನಾಕ್ಷಿಯದು. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ್ದ ಹುಡುಗಿ. ಅವಳ ಅಪ್ಪ ಗೊಬ್ಬರದ ಖಾಲಿ ಚೀಲವನ್ನು ಒಗೆದು, ಟೈಲರ್ ಹತ್ತಿರ ಹೊಲಿಸಿ, ಎರಡು ಪಟ್ಟಿ ಹಾಕಿಸಿದ್ದ. ಎಷ್ಟು ಒಗೆದರೂ ಚೀಲದ ಮೇಲಿನ ಹಸಿರು ಅಕ್ಷರ ಹೋಗಿರಲಿಲ್ಲ. ಎರಡನೆಯ ದಿನಕ್ಕೇ ಅವಳಿಗೆ ಹೆಸರು ಬಿತ್ತು: ಯೂರಿಯಾ. ಅವಳು ಬಸ್ಸು ಹತ್ತಿದರೆ ಮೂಗು ಮುಚ್ಚಿಕೊಳ್ಳುವುದು, ಬ್ಯಾಗು ಕೊಟ್ಟರೆ ಸುಡುವ ಪಾತ್ರೆಯಂತೆ ಆಚೆಗೆ ದಾಟಿಸುವುದು. ಹಿಂದಿನ ಸೀಟು ತಲುಪಿದ ಬ್ಯಾಗಿನಲ್ಲಿ ಡಬ್ಬಿ ಇರುತ್ತಿತ್ತು, ಊಟ ಇರುತ್ತಿರಲಿಲ್ಲ.

ಸಣ್ಣಯ್ಯನಿಗೆ ಇದು ಕಂಡಿತು. ಅವನಿಗೆ ತೋಚಿದ ಮೊದಲ ಉಪಾಯ, ಅವಳನ್ನು ಮುಂದೆ ಡ್ರೈವರ್ ಉಗ್ರಪ್ಪನ ಪಕ್ಕದ ಸೀಟಿಗೆ ಕೂರಿಸುವುದು. ಬಸ್ಸಿನಲ್ಲಿ ಗೌರವದ ಜಾಗ ಅದು, ಬೇಕಾದವರಿಗೆ ಮಾತ್ರ ಸಿಗುವಂಥದ್ದು. ಅದೇ ತಪ್ಪಾಯಿತು ಎಂದು ಅವನೇ ಈಗ ನಗುತ್ತಾನೆ. "ಮುಂದ್ ಕೂರ್ಸುದ್ರೆ ಮುಗೀತು ಅನ್ಕಂಡಿದ್ದೆ. ಇಡೀ ಬಸ್ಸಿಗೆ ಅವ್ಳ ಬೆನ್ನು ಕಾಣಂಗೆ ಮಾಡ್ಬುಟ್ಟೆ." ಕಂಡಕ್ಟರ್ ಸಾಕಿದ ಗಿಣಿ ಎಂಬ ಇನ್ನೊಂದು ಹೆಸರು ಸೇರಿಕೊಂಡಿತು. ಒಂದು ವಾರ ಕೂತವಳು ತಾನಾಗಿಯೇ ಹಿಂದಕ್ಕೆ ಹೋಗಿ ನಿಂತಳು. ಅದಾದ ಮೇಲೆ ಬ್ಯಾಗು ರಾಗಿಹೊಲದ ಪಕ್ಕ ಬಿತ್ತು.

"ಹೋಲ್ಡಾನ್" ಎಂದು ಕೂಗಿ, ಇಳಿದು ಹೋಗಿ, ಮಣ್ಣಾದ ಪುಸ್ತಕಗಳನ್ನು ಪಂಚೆಯಲ್ಲಿ ಒರೆಸುತ್ತ ಬಂದ ಸಣ್ಣಯ್ಯನಿಗೆ ಉಗ್ರಪ್ಪ ಹಾರನ್ ಬಾರಿಸುತ್ತಲೇ ಇದ್ದ. "ಏನ್ಲಾ, ಹಿಂದಿನ್ ಬಸ್ಸು ಬಂದ್ಬುಡ್ತು. ಕಂಡಕ್ಟ್ರೋ ಮೇಷ್ಟ್ರೋ ನೀನು?" ಮಾರನೆಯ ದಿನ ಮೀನಾಕ್ಷಿ ಬರಲಿಲ್ಲ. ಸ್ಟಾಪಿನಲ್ಲಿ ಅವಳ ತಾಯಿ ಹನುಮಮ್ಮ ಒಬ್ಬಳೇ ನಿಂತಿದ್ದಳು. "ಇನ್ನು ಸ್ಕೂಲ್‌ಗೆ ಹೋಗಲ್ಲ ಅಂತವ್ಳೆ ಕಣಣ್ಣ. ಬ್ಯಾಗ್ ಬದ್ಲಾಯಿಸ್ತೀವಿ ಅಂದ್ರೂ ಒಲ್ಲೆ ಅಂತವ್ಳೆ."

"ಸೋಮವಾರದವರ್ಗೂ ಟೈಮ್ ಕೊಡವ್ವ," ಎಂದ ಸಣ್ಣಯ್ಯ.

ಅಂದು ಕೊನೆಯ ಟಿಕೆಟ್ ಹರಿದ ಮೇಲೆ ಅವನು ಯಾರು ಎಸೆದರೆಂದು ಕೇಳಲಿಲ್ಲ. ಮುಂದಿನ ಸೀಟಿನಿಂದ ಶುರು ಮಾಡಿದ. ನಿನ್ನ ಕೈಗೆ ಯಾರು ಕೊಟ್ಟರು, ನೀನು ಯಾರಿಗೆ ಕೊಟ್ಟೆ, ಆಮೇಲೆ ಎಲ್ಲಿ ನೋಡುತ್ತಿದ್ದೆ? ಶಿಲ್ಪಶ್ರೀ, "ನಾನು ಬರೀ ಕೈ ದಾಟ್ಸಿದ್ದಣ್ಣ, ಕಿಟಕಿ ಕಡೆ ನೋಡ್ತಿದ್ದೆ" ಎಂದಳು. ಅವಳ ಹಿಂದಿನವಳೂ ಕಿಟಕಿ. ಅದರ ಹಿಂದಿನವನೂ ಕಿಟಕಿ. "ಅವತ್ತು ಹೊರ್ಗಡೆ ಅಂಥದ್ದೇನ್ರಪ್ಪ ಇತ್ತು?" ಎಂದು ಸಣ್ಣಯ್ಯ ಕೇಳಿದಾಗ ಒಂದಿಬ್ಬರು ನಕ್ಕರು.

ಕೊನೆಯ ಸೀಟಿನಲ್ಲಿ ಹತ್ತನೇ ಕ್ಲಾಸಿನ ಮೋಹನ್‌ಕುಮಾರ್. "ಇಡಾಕೆ ಜಾಗ ಇರ್ಲಿಲ್ಲ. ತಮಾಷೆಗೆ ಕಿಟಕೀಲಿಟ್ಟೆ. ಬಿತ್ತು."

"ಅವ್ಳು ನಕ್ಳೇನ್ಲಾ?"

"ಇಲ್ಲ."

"ನೀನು?"

ಹುಡುಗ ಸೀಟಿನ ರೆಕ್ಸಿನ್ ಕೀಳತೊಡಗಿದ. "ಎಲ್ರೂ ನಕ್ರು. ಅದ್ಕೇ ನಕ್ಕೆ."

ಸಣ್ಣಯ್ಯ ಹೊಡೆಯಲಿಲ್ಲ, ಬಸ್ಸಿನಿಂದ ಇಳಿಸಲಿಲ್ಲ. ಬ್ಯಾಗಿನ ನಿಯಮ ಹೇಳಿದ. ಮೋಹನ್‌ಕುಮಾರನಿಗೆ ಮಾತ್ರ ಇನ್ನೊಂದು ಮಾತು: "ನಾಳೆ ಅವ್ಳ ಸ್ಟಾಪ್‌ನಲ್ಲಿ ಬಸ್ಸು ನಿಲ್ತೈತೆ. ಅವ್ಳವ್ವ ಇರ್ತಾಳೆ. ಏನ್ ನಡೀತು ಅಂತ ನೀನೇ ಹೇಳು. ನಾನೂ ಪಕ್ಕದಲ್ಲೇ ನಿಂತಿರ್ತೀನಿ." ಹುಡುಗ ಇಳಿದ, ನೆಲ ನೋಡುತ್ತ ಬ್ಯಾಗಿನದ್ದೂ ಡಬ್ಬಿಯ ಊಟದ್ದೂ ಹೇಳಿದ. ಹನುಮಮ್ಮ ಪೂರ್ತಿ ಕೇಳಿ, "ಹಸ್ವಾಗಿದ್ರೆ ಅವ್ಳ ಡಬ್ಬೀಲಿ ಕೇಳಿ ತಿನ್ನಪ್ಪ" ಎಂದಳಂತೆ. ಸೋಮವಾರ ಮೀನಾಕ್ಷಿ ಬಂದಳು, ಅದೇ ಬ್ಯಾಗಿನೊಂದಿಗೆ.

ಬಸ್ತಿಹಳ್ಳಿಯ ಸಣ್ಣಯ್ಯ ಅರಸೀಕೆರೆಯ ಹೋಟೆಲಿನಲ್ಲಿ ಲೋಟ ತೊಳೆದವನು. ತೊಂಬತ್ತೆರಡರಲ್ಲಿ ಕ್ಲೀನರ್ ಆಗಿ ಬಸ್ಸು ಹತ್ತಿದ. ಕತ್ತಲಿರುವಾಗಲೇ ಎದ್ದು ಬಸ್ಸಿಗೆ ನೀರು ಹೊಡೆಯುವ ಅಭ್ಯಾಸ ಕಂಡಕ್ಟರ್ ಆದ ಮೇಲೂ ಬಿಟ್ಟಿಲ್ಲ. ಬೇಲೂರಿನ ತನಕ ದಿನಕ್ಕೆ ಆರು ಟ್ರಿಪ್ಪು, ರಾತ್ರಿ ಊದಿಕೊಂಡ ಕಾಲು. ಮಕ್ಕಳ ಜಗಳಕ್ಕೆ ಯಾಕೆ ತಲೆ ಹಾಕುತ್ತಾನೆ, ಚಿಕ್ಕಂದಿನಲ್ಲಿ ಅವನಿಗೂ ಹೀಗೇನಾದರೂ ಆಗಿತ್ತೇ ಎಂದು ಕೇಳಿದರೆ ಅವನಿಗೆ ಅಚ್ಚರಿ. "ಏನೂ ಆಗಿಲ್ಲ ಸಾ. ನಮ್ ಬಸ್ಸಲ್ಲಿ ಬ್ಯಾಗ್ ಬಿದ್ರೆ ಯಾರ್ ಎತ್ಬೇಕು? ನಾನ್ ತಾನೆ?" ಬೇರೆ ಆಸೆ ಏನಿದೆ ಎಂದರೆ, ಹಿಂದಿನ ಬಾಗಿಲಿನ ಕಿರುಗುಟ್ಟುವ ಕೀಲನ್ನು ಮಾಲೀಕರು ಸರಿ ಮಾಡಿಸಿದರೆ ಸಾಕು ಎನ್ನುತ್ತಾನೆ. ಆ ಸದ್ದಿನಲ್ಲಿ ಹಿಂದಿನ ಸೀಟಿನ ಮಾತು ಕೇಳಿಸುವುದಿಲ್ಲವಂತೆ.

ಮೀನಾಕ್ಷಿಯ ಸ್ಟಾಪು ಬರುತ್ತದೆ. ಬಾಗಿಲು ಕಿರುಗುಟ್ಟುತ್ತದೆ. ಈಗವಳು ಒಂಬತ್ತನೇ ಕ್ಲಾಸು. ಹಸಿರು ಅಕ್ಷರದ ಬ್ಯಾಗನ್ನು ಎತ್ತಿ ನೇರ ಶಿಲ್ಪಶ್ರೀಯ ಕಡೆ ಚಾಚುತ್ತಾಳೆ. ತೊಡೆಯ ಮೇಲೆ ಆಗಲೇ ಒಂದು ಬ್ಯಾಗಿದೆ. ಶಿಲ್ಪಶ್ರೀ ಇದನ್ನೂ ಅದರ ಮೇಲೆ ಹೇರಿಕೊಂಡು ಗದ್ದ ಊರುತ್ತಾಳೆ. ಹಿಂದಿನಿಂದ ಯಾರೋ ಮೆಲ್ಲಗೆ, "ಯೂರಿಯಾ" ಎನ್ನುತ್ತಾರೆ. ಹೊಸ ದನಿ, ಈ ವರ್ಷ ಸೇರಿದ ಯಾರದೋ.

ಸಣ್ಣಯ್ಯನ ಕೈ ಟಿಕೆಟ್ಟಿನ ಮೇಲೆ ನಿಲ್ಲುತ್ತದೆ. ತಪ್ಪೆಂದು ಗೊತ್ತಿದ್ದೂ ಅವನಿಗೆ ಮನಸ್ಸು ತಡೆಯುವುದಿಲ್ಲ.

"ಮುಂದೆ ಸೀಟ್ ಖಾಲಿ ಐತೆ. ಬಾರವ್ವ, ಕೂತ್ಕ."

ಮೀನಾಕ್ಷಿ ಮೇಲಿನ ಕಂಬಿ ಹಿಡಿದು, ದನಿ ಬಂದ ಕಡೆಗೆ ಪೂರ್ತಿ ತಿರುಗಿ ನಿಲ್ಲುತ್ತಾಳೆ.

"ಬ್ಯಾಡ ಕಣಣ್ಣ. ನಾನು ಇಲ್ಲೇ ನಿಂತ್ಕತೀನಿ."