ಬಂಕಿಗೆ ಬಂದ ಗಿರಣಿ ಇಂಜಿನ್

ತೆಲಿಗಿಯ ಹಾಜಿರಾ ಬೀ ಹೋದ ಶುಕ್ರವಾರ ತೀರಿಕೊಂಡಳು. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿದವಳು. ಸಿಟ್ಟು ಬಂದರೆ ಓಣಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ಬೈಸಿಕೊಂಡವರೇ ಜನಾಜಾಕ್ಕೆ ಹೆಗಲು ಕೊಟ್ಟರು.

ಕೊಲ್ಲಿಯಲ್ಲಿ ಯುದ್ಧ ಹತ್ತಿ ತೈಲದ ಹಡಗುಗಳು ನಿಂತ ಬೇಸಿಗೆಯಲ್ಲಿ ನಡೆದದ್ದು ಇದು. ಡೀಸೆಲ್ ಕಾಳಸಂತೆ ಸೇರಬಾರದೆಂದು ಸರ್ಕಾರ ಬಂಕುಗಳಲ್ಲಿ ಕ್ಯಾನಿಗೆ ಹಾಕುವುದನ್ನು ನಿಲ್ಲಿಸಿತ್ತು, ಇಂಜಿನ್ನಿನ ಟ್ಯಾಂಕಿಗಷ್ಟೇ ಹಾಕಬೇಕಿತ್ತು. ಶಾವಿಗೆ ಮಾಡುವ ದಿನಗಳು. ಕರೆಂಟ್ ಹೋದರೂ ಗಿರಣಿ ನಿಲ್ಲುವುದಿಲ್ಲವೆಂದು ಹಾಜಿರಾ ಬೀ ಮಾತು ಕೊಟ್ಟಿದ್ದರಿಂದ ಓಣಿಯ ಹೆಂಗಸರು ಗೋಧಿಗೆ ನೀರು ಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಗಿರಣಿಯ ಡೀಸೆಲ್ ಇಂಜಿನ್ ಬರಿದಾಗಿತ್ತು. ಸಂಜೆಯೊಳಗೆ ಬೀಸದಿದ್ದರೆ ಗೋಧಿ ಹುಳಿಯಾಗುತ್ತಿತ್ತು.

ಪಕ್ಕದ ಮನೆಯ ಸೋಮಪ್ಪ ಉಪಾಯ ಹೇಳಿದ: “ಅಕ್ಕಾ, ನನ್ ಟ್ರ್ಯಾಕ್ಟರಿಗೆ ಹಾಕಿಸ್ಕೊಂಡ್ ಬರ್ತೀನಿ. ಪೈಪ್ ಹಚ್ಚಿ ತಕ್ಕಳಾಣ. ಯಾರಿಗ್ ಗೊತ್ತಾಗ್ತೈತಿ?”

“ಕದ್ದುಮುಚ್ಚಿ ತರಾಕ ನಾನೇನು ಕಳ್ಳ ಸೆರಿ ಮಾರ್ತೀನೇನ್ಲೇ? ಊರಿಗೆ ಹಿಟ್ಟು ಬೀಸಾಕಿ ನಾನು. ಪಾನಾ ತಾ, ಇಂಜಿನ್ನಿನ ನಟ್ಟು ಬಿಚ್ಚು. ಇದನ್ನ ಬಂಕಿಗೆ ಒಯ್ಯಾಣ.”

ನಾಲ್ವರು ಹಗ್ಗ ಬಿಗಿದು ಇಂಜಿನ್ನನ್ನು ಸೋಮಪ್ಪನ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿದರು. ಪಕ್ಕದಲ್ಲಿ ಅವಳೂ ಕೂತಳು. ಹರಪನಹಳ್ಳಿ ರಸ್ತೆಯ ಬಂಕಿನಲ್ಲಿ ಸಾಲು ನಿಂತವರು ನಕ್ಕರು.

“ಏನಬೇ, ಗುಜರಿಗೆ ಹೊಂಟೀಯೇನು?” ಎಂದ ಬೈಕಿನವನೊಬ್ಬ.

“ನಿನ್ ಬೈಕಿಗಿಂತ ಗಟ್ಟಿ ಐತೆಪಾ. ಸರಿ ಅತ್ಲಾಗ.”

ಬಂಕಿನ ಮ್ಯಾನೇಜರ್ ತಡೆದ. “ಇದಕ್ಕ ನಂಬರ್ ಪ್ಲೇಟ್ ಇಲ್ಲ. ಹಾಕಂಗಿಲ್ಲಮ್ಮ.”

“ಇದು ಇಂಜಿನ್ನು, ಇದು ಅದರ ಟ್ಯಾಂಕು. ಕ್ಯಾನ್ ಎಲ್ಲೈತಿ ತೋರಿಸ್ರಿ?”

ತಪಾಸಣೆಗೆ ಬಂದಿದ್ದ ಅಧಿಕಾರಿ ಹತ್ತಿರ ಬಂದ. “ಮೊದ್ಲು ಆಫೀಸಿಗೆ ಅರ್ಜಿ ಕೊಡಮ್ಮ. ಎರಡು ದಿನದಲ್ಲಿ ಪರ್ಮಿಷನ್ ಸಿಗುತ್ತೆ.”

“ನೆನೆದ ಗೋಧಿ ಎಲ್ಡು ದಿನ ಕಾಯಂಗಿಲ್ರಿ ಸಾಹೇಬ್ರ. ಯುದ್ಧ ಮಾಡೋರು ನಮ್ಮನ್ ಕೇಳಿ ಮಾಡ್ಯಾರೇನು? ಕಾರು ಓಡಾಕ ಕೊಡ್ತೀರಿ, ಉಣ್ಣಾಕ ಇಲ್ಲಂತೀರಿ. ಹಾಕೋತನ ನಾನು ಇಳಿಯಂಗಿಲ್ಲ.”

ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. “ಹೋಗಾಣೇನಕ್ಕ?” ಎಂದು ಸೋಮಪ್ಪ ಪಿಸುಗುಟ್ಟಿದ. ಅವಳು ಇಂಜಿನ್ನಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಕೂತಳು. ಅಧಿಕಾರಿ ಟ್ರೇಲರ್ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. ಒಣಗಿತ್ತು.

“ಹಾಕ್ರಿ,” ಎಂದ. ಆಮೇಲೆ ಅವಳಿಗೆ, “ಆದ್ರೆ ದಿನಾ ಹಿಂಗೆ ಹೊತ್ಕೊಂಡು ಬರಬೇಡಮ್ಮ.”

“ಕರೆಂಟ್ ಬರದಿದ್ರ ಬರ್ತೀನ್ರಿ,” ಎಂದಳು.

ಸಂಜೆಗೆ ಓಣಿಯ ಗೋಧಿಯೆಲ್ಲ ಹಿಟ್ಟಾಯಿತು, ಟ್ಯಾಂಕ್ ಮತ್ತೆ ಬರಿದಾಯಿತು. ಮರುದಿನ ನಸುಕಿಗೇ ಇನ್ನೊಂದು ಓಣಿಯವರ ಗೋಧಿ ಬಂತು, ಕರೆಂಟ್ ಬರಲಿಲ್ಲ. ಬಂಕ್ ತೆರೆಯುವ ಹೊತ್ತಿಗೆ ಸಾಲಿನ ಮೊದಲಿಗೆ ಅವಳ ಇಂಜಿನ್ ನಿಂತಿತ್ತು.