ರೊಟ್ಟಿಗೊಂದು ಅಂಚು

ಹಾಲಿನ ಪಾತ್ರೆಗೊಂದು ಮುಚ್ಚಳ ಬೇಕಿತ್ತು. ಇವತ್ತು ಬೆಳಿಗ್ಗೆ ಅಟ್ಟದ ಮೇಲೆ ಕೈಯಾಡಿಸಿದಾಗ ಒಂದು ದುಂಡನೆಯ ಅಲ್ಯೂಮಿನಿಯಂ ತಟ್ಟೆ ಸಿಕ್ಕಿತು. ಸುತ್ತಲೂ ಸೀರೆಯ ಅಂಚಿನ ಹಾಗೆ ಸಾಲು ಗೋಪುರಗಳು. ಗೋಪುರಗಳ ಗೆರೆಯೊಳಗೆ ಒಣಗಿ ಕೂತ ಜೋಳದ ಹಿಟ್ಟು. ಮೂಗಿನ ಹತ್ತಿರ ಹಿಡಿದೆ. ಹಳೆ ಹಿಟ್ಟಿನ ಮುಗ್ಗಲು ವಾಸನೆ. ನಗು ಬಂತು. ನಗುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿಕೊಂಡೆ. ಈ ತಟ್ಟೆ ನನ್ನ ಡಿಸೈನು, ನೋಡಿ.

ಹೌದು, ನಾನು ಡಿಸೈನರ್. ನಾರಾಯಣಪೇಟೆಯಲ್ಲಿ ಇದನ್ನು ಯಾರಿಗೂ ಹೇಳಬೇಡಿ, ಹೇಳಿದರೂ ನಂಬುವವರಿಲ್ಲ. ನಮ್ಮ ಯಜಮಾನರು ಹೈದರಾಬಾದಿನ ಫ್ಯಾನ್ ಕಾರ್ಖಾನೆಯ ಕೆಲಸ ಬಿಟ್ಟು ಬಂದು, ಮಾವನವರು ಸೀರೆ ಪೇರಿಸಿಡುತ್ತಿದ್ದ ಮುಂದಿನ ಕೋಣೆಯಲ್ಲಿ ಡಿಸೈನ್ ಸ್ಟುಡಿಯೊ ತೆರೆದರು. ಯಾರ ತಲೆಯಲ್ಲಾದರೂ ಒಂದು ಸಾಮಾನು ಹೊಳೆದರೆ ಅದನ್ನು ಕಾಗದಕ್ಕಿಳಿಸುವುದು, ಮಾದರಿ ಮಾಡುವುದು, ಕೊನೆಗೆ ಕಾರ್ಖಾನೆಯಲ್ಲಿ ಮಾಡಿಸಿ ಅವರ ಕೈಗಿಡುವುದು, ಇಷ್ಟು ಕೆಲಸ. ನಾನು ಚಹಾ ಕೊಡಲು ಹೋದವಳು ಜೊತೆಗೆ ಅಭಿಪ್ರಾಯವನ್ನೂ ಕೊಡತೊಡಗಿದೆ. ಹಾಗೆ ಪಾಲುದಾರಳಾದೆ.

ಮೊದಲು ಬಂದವನು ಮಾಗನೂರು ಕಡೆಯ ಕುರಿಗಾರ ಮೈಲಾರಪ್ಪ. "ಮರಿಗಿ ಹಾಲು ಕುಡಿಸಾಕ ಒಂದು ಸಾಮಾನು ಬೇಕ್ರಿ. ನಾಕು ಮರಿ ಕೂಡೇ ಕುಡಿಬೇಕು, ಒಂದನ್ನೊಂದು ಹಾಯಬಾರದು" ಎಂದ. ಯಜಮಾನರು ಹಗಲೆಲ್ಲ ಕೂತು ಮೇಲಿನಿಂದ ಒಂದು, ಪಕ್ಕದಿಂದ ಒಂದು ನಕ್ಷೆ ಬರೆದರು. ಅವನು ಕಾಗದವನ್ನು ಅತ್ತಿತ್ತ ತಿರುಗಿಸಿ, "ಚಿತ್ರ ಚಲೋ ಐತ್ರಿ ಸರಾ. ಮರಿ ಎಲ್ಲಿ ಅದಾವ?" ಎಂದ. ನಾನು ಪೆನ್ಸಿಲ್ ತೆಗೆದುಕೊಂಡು ನಾಲ್ಕು ಮರಿ ಬರೆದುಕೊಟ್ಟೆ. ಮೈಲಾರಪ್ಪ ಖುಷಿಯಾಗಿ ಒಪ್ಪಿದ. ಅಲ್ಲಿಂದ ನನಗೆ ಸ್ವಲ್ಪ ಜಂಬ ತಲೆಗೇರಿತೆಂದೇ ಹೇಳಬೇಕು.

ಅದೇ ಕಾಲಕ್ಕೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಎಡಗೈ ಮೂಳೆ ಕೂಡಿಕೊಂಡರೂ ಹಿಡಿತ ಮರಳಲಿಲ್ಲ. ಜೋಳದ ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಗೊತ್ತು: ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ರೊಟ್ಟಿಯನ್ನು ತಿರುಗಿಸುತ್ತಿರಬೇಕು. ಹೀಗಾಗಿ ರೊಟ್ಟಿ ಬಡಿಯುವ ಹಲಗೆ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ್ದರು, ಪಿಯಾನೋದ ಮುಂದೆ ನಿಂತು ಹಾಡುವುದನ್ನು ಕಲಿಸಿದ್ದರು. ರೊಟ್ಟಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಯಜಮಾನರು ತಟ್ಟೆ ನೋಡಿ "ಇವತ್ತು ಯಾವ ರಾಜ್ಯದ ನಕಾಶೆ?" ಎಂದು ಕೇಳುತ್ತಿದ್ದರು. ಅತ್ತೆ ಅಷ್ಟು ಸುತ್ತಿ ಬಳಸಿ ಆಡುವವರಲ್ಲ. "ಇದು ರೊಟ್ಟಿ ಅಲ್ಲವ್ವಾ, ಕೌದಿ. ಹೊಚ್ಕೊಂಡು ಮಲಗಬೌದು" ಎಂದರು.

ಕಡೆಗೆ ಅವರೇ ಒಂದು ದಿನ ಒಲೆಯ ಮುಂದೆ ಬಂದು ಕೂತರು. ಅವರು ಬಲಗೈಯಿಂದ ಬಡಿಯುವುದು, ನಾನು ಎದುರು ಕೂತು ಹಲಗೆ ತಿರುಗಿಸುವುದು. "ಸಾವಕಾಶ... ಏ, ಅಷ್ಟು ಸಾವಕಾಶ ಅಲ್ಲ... ಬೀಸಾಕ ಕುಂತೀಯೇನು?" ಹೀಗೆ ದಿನವೂ ಕಾಳಗ. ಊರ ಸುದ್ದಿಯೆಲ್ಲ ಆ ಹಲಗೆಯ ಮೇಲೆಯೇ ಸುತ್ತುತ್ತಿತ್ತು. ರೊಟ್ಟಿ ಚೆನ್ನಾಗಿಯೇ ಆಗುತ್ತಿದ್ದವು. ಆದರೂ ಒಮ್ಮೆ ಅತ್ತೆ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಇನ್ನೊಬ್ಬರ ಕೈ ಕಾಯ್ಕೊಂತ ಕುಂದ್ರೂದು ನನಗ ಆಗಂಗಿಲ್ಲವ್ವಾ. ನೀನೂ ಎಷ್ಟಂತ ತಿರುವ್ತಿ? ನನ್ನ ರೊಟ್ಟಿ ನಾನ ಮಾಡ್ಕೋಬೇಕು" ಎಂದರು. ಗದ್ವಾಲ್‌ನ ಹೆಣ್ಣು. ಗಂಡ ಸತ್ತಾಗಲೂ ನಾಲ್ಕು ಮಂದಿಯ ಮುಂದೆ ಅತ್ತವರಲ್ಲ. ಅವತ್ತು ಕಣ್ಣಲ್ಲಿ ನೀರು ನಿಂತಿತ್ತು.

ತಾನಾಗಿಯೇ ತಿರುಗುವ ಹಲಗೆಯ ವಿಚಾರ ನನಗೆ ಹೊಳೆದದ್ದು ಹಾಗೆ. ಮಖ್ತಲ್‌ನಲ್ಲಿ ಲೇತ್ ಯಂತ್ರ ಇಟ್ಟಿರುವ ಖಾಜಾ ಭಾಯಿ ಸೈಕಲ್ ಬೇರಿಂಗ್ ಹಾಕಿ ಮೊದಲ ಮಾದರಿ ಮಾಡಿಕೊಟ್ಟರು. ಅತ್ತೆ ಒಂದು ಏಟು ಹಾಕಿದ್ದೇ ತಡ, ರೊಟ್ಟಿ ಗಿರ್ರನೆ ಸುತ್ತಿ, ಹಾರಿ ಹೋಗಿ ಗೋಡೆಯ ಕ್ಯಾಲೆಂಡರಿಗೆ ಅಂಟಿತು. "ಏಕಾದಶಿಗಿ ಹತ್ತೇತಿ ನೋಡು, ಇವತ್ತು ಉಪಾಸ" ಎಂದು ಅತ್ತೆ ನಕ್ಕರು. ಎರಡನೆಯದಕ್ಕೆ ಒಳಗೊಂದು ರಬ್ಬರ್ ಬಳೆ ಕೂಡಿಸಿದೆವು. ಏಟಿಗೆ ತಕ್ಕಷ್ಟೇ ತಿರುಗಿತು. ಇನ್ನು ಎತ್ತುವುದೊಂದೇ ಬಾಕಿ. ಒಂದೇ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಬೋರಲು ಹಾಕಲು ಬರುವಂತೆ ಮೇಲಿನ ತಟ್ಟೆ ಬಿಡಿಯಾಗಿರಲಿ, ಹಗುರವಾಗಿರಲಿ, ಅಲ್ಯೂಮಿನಿಯಂ ಎರಕದ್ದಾಗಿರಲಿ ಎಂದು ಯಜಮಾನರು ನಿಶ್ಚಯಿಸಿದರು. ಅದಕ್ಕೆ ಹೈದರಾಬಾದಿನಲ್ಲಿ ಉಕ್ಕಿನ ಅಚ್ಚು ಕೆತ್ತಿಸಬೇಕು.

ಆಗ ನಾನು ಬಾಯಿ ಬಿಟ್ಟೆ. "ತಟ್ಟಿ ಬೋಳ ಕಾಣಸ್ತೈತಿ. ಸುತ್ತ ಒಂದು ಅಂಚು ಇದ್ರ?"

ನಮ್ಮ ಕಾನ್ವೆಂಟಿನಲ್ಲಿ ಪುಟದ ನಾಲ್ಕೂ ಕಡೆ ಕೆಂಪು ಗೆರೆ ಎಳೆಯದೆ ಒಂದಕ್ಷರ ಬರೆಯುವಂತಿರಲಿಲ್ಲ. ಮದುವೆಯಾಗಿ ಬಂದದ್ದು ಸೀರೆ ನೇಯುವ, ಅಂಚಿಲ್ಲದ್ದನ್ನು ಅರಿವೆಯೆಂದೇ ಒಪ್ಪದ ಊರಿಗೆ. ನನ್ನಂಥವಳು ಇನ್ನೇನು ಹೇಳಿಯಾಳು? ಯಾರಾದರೂ ಒಬ್ಬರು ಬೇಡವೆನ್ನಬಹುದಿತ್ತು. ಯಜಮಾನರು ಆಗಲೇ ಪೆನ್ಸಿಲ್ ಚೂಪು ಮಾಡುತ್ತಿದ್ದರು. "ಬಹುತ್ ಖೂಬ್" ಎಂದು ಖಾಜಾ ಭಾಯಿ ತಲೆದೂಗಿದರು. ಅತ್ತೆಯಂತೂ ಕೈಯ ನೋವನ್ನೇ ಮರೆತರು.

"ನಾರಾಯಣಪೇಟಿ ಅಂಚು ಬ್ಯಾಡ. ದಾರದಂಗ ಸಣ್ಣ. ಗದ್ವಾಲ್ ಅಂಚು ಹಾಕ್ಸು, ಅಗಲ."

"ಅವ್ವಾ, ನಮ್ಮ ಮನಿ ಇರೋದು ನಾರಾಯಣಪೇಟ್ಯಾಗ" ಎಂದು ಯಜಮಾನರು ತಮ್ಮ ಊರಿನ ಮಾನ ಕಾಯಲು ನಿಂತರು.

"ಕೈ ಮುರದದ್ದು ನಂದು. ಅಂಚೂ ನಂದ."

ಗದ್ವಾಲ್ ಅಂಚೇ ಗೆದ್ದಿತು. ಪೆಟ್ಟಿಗೆಯಿಂದ ಸೀರೆಗಳು ಹೊರಬಂದವು, ಊಟದ ಹೊತ್ತು ತಪ್ಪಿತು, ಬೀದಿಯವರೂ ಬಂದು ತಮ್ಮ ತಮ್ಮ ಮಾತು ಸೇರಿಸಿ ಹೋದರು. ಗೋಪುರದ ಮೇಲೆ ಕಳಸ ಬೇಕೋ ಬೇಡವೋ ಎಂಬುದಕ್ಕೇ ವಾರ ಹಿಡಿಯಿತು. ಅಷ್ಟು ಮಂದಿಯಲ್ಲಿ ಒಬ್ಬರಿಗೂ ಈ ತಟ್ಟೆಯ ಮೇಲೆ ಹಿಟ್ಟು ಬೀಳುತ್ತದೆಂಬುದು ನೆನಪಾಗಲಿಲ್ಲ.

ಹೈದರಾಬಾದಿನಿಂದ ತಟ್ಟೆಗಳ ಡಬ್ಬಗಳು ಬಂದ ದಿನ ಅತ್ತೆ ಗದ್ವಾಲ್‌ನಿಂದ ತಮ್ಮ ತಂಗಿಯನ್ನು ಕರೆಸಿದ್ದರು. "ನನ್ನ ಕೈ ರೊಟ್ಟಿ ಉಂಡು ಹೋಗು ಬಾ" ಎಂದು ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ. ಎಲ್ಲರೂ ಅಡುಗೆಮನೆಯಲ್ಲಿ ಸೇರಿದೆವು. ಅತ್ತೆ ಒಂಟಿ ಕೈಯಿಂದ ಬಡಿದರು. ತಟ್ಟೆ ವಿಧೇಯವಾಗಿ ತಿರುಗಿತು. ರೊಟ್ಟಿ ಹುಣ್ಣಿಮೆ ಚಂದ್ರನ ಹಾಗೆ ಅಂಚಿನವರೆಗೂ ಹರಡಿತು. ತಟ್ಟೆ ಎತ್ತಿ ಹಂಚಿನ ಮೇಲೆ ಬೋರಲು ಹಾಕಿದರು. ನಡುವಿನ ರೊಟ್ಟಿ ಹಂಚಿಗೆ ಬಿತ್ತು. ಸುತ್ತಲಿನದು ಗೋಪುರಗಳಲ್ಲೇ ಉಳಿಯಿತು. ಇನ್ನೊಂದು ಬಡಿದರು. ಅದೂ ಹಾಗೆಯೇ ಹರಿಯಿತು. ಮತ್ತೊಂದು.

ತಂಗಿ ಮೆಲ್ಲಗೆ, "ಅಕ್ಕಾ, ಹರದದ್ದ ಕೊಡು, ಉಣ್ತೀನಿ" ಎಂದರು. ಅತ್ತೆ ತಟ್ಟೆಯನ್ನು ನೆಲಕ್ಕಿಟ್ಟು ನನ್ನನ್ನೂ ಮಗನನ್ನೂ ನೋಡಿದರು.

"ಸೀರಿ ಚಲೋ ನೇದೀರಿ. ಉಣ್ಣಾಕ ಏನು ಮಾಡೀರಿ?"

ಅವತ್ತು ಆ ತಂಗಿಗೆ ಬಡಿಸಿದ್ದು ನನ್ನ ಕೌದಿಗಳನ್ನೇ. ಪಾಪ, ಜಗಿದು ಜಗಿದು ಉಂಡರು.

ಅದೃಷ್ಟಕ್ಕೆ ತಟ್ಟೆಯಲ್ಲಿ ತಗ್ಗಾಗಿರುವುದು ಅಚ್ಚಿನಲ್ಲಿ ಉಬ್ಬಾಗಿರುತ್ತದೆ. ಉಬ್ಬನ್ನು ಉಜ್ಜಿ ತೆಗೆದರೆ ಆಯಿತು. ಯಜಮಾನರು ಮರುದಿನವೇ ಹೈದರಾಬಾದಿನ ಬಸ್ಸು ಹತ್ತಿದರು. ಎರಡನೆಯ ಸಲ ಬಂದ ತಟ್ಟೆಗಳು ನನ್ನ ರುಚಿಗೆ ಪೂರಾ ಬೋಳು. ಅತ್ತೆ ಯಾರನ್ನೂ ಕರೆಸಲಿಲ್ಲ. ಒಬ್ಬರೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾವಿಬ್ಬರೂ ಹೊರಗೆ ನಿಂತು ಕೇಳಿದೆವು: ಟಪ ಟಪ, ಆಮೇಲೆ ಹಂಚಿನ ಮೇಲೆ ನೀರಿನ ಚುಯ್ ಸದ್ದು, ಮತ್ತೆ ಟಪ ಟಪ. ಬುಟ್ಟಿ ತುಂಬಿದ ಮೇಲೆ ಬಾಗಿಲು ತೆರೆಯಿತು. "ಇನ್ನ ನೀ ಒಳಗ ಬರೂದು ಬ್ಯಾಡ. ಹೊರಗ ಕುಂತು ಡಿಸೈನು ಮಾಡು" ಎಂದರು. ಇದಕ್ಕಿಂತ ದೊಡ್ಡ ಮೆಚ್ಚುಗೆ ನಮ್ಮ ಸ್ಟುಡಿಯೊಗೆ ಇನ್ನೂ ಬಂದಿಲ್ಲ. ಮಾಡಿದ ಸಾಮಾನು ಮಾಡಿದವಳನ್ನೇ ಮನೆಯ ಕೆಲಸದಿಂದ ತೆಗೆದುಹಾಕಿತು ನೋಡಿ.

ಇವತ್ತು ಆ ಹಳೆ ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಅತ್ತೀ, ಇದನ್ನ ಹಳೀ ಸಾಮಾನಿನಾಂವಗ ಹಾಕ್ಲೇನ್ರಿ?"

ತಟ್ಟೆಯನ್ನು ಬೆಳಕಿಗೆ ಹಿಡಿಸಿ ನೋಡಿದರು. "ಯಾಕ? ಇರ್ಲಿ. ಏನರ ಅನ್ನು, ಅಂಚು ಮಾತ್ರ ಚಲೋ ಬಂದೈತಿ."

ಎದುರು ಕೂತೆ. ಎಷ್ಟೋ ದಿನಗಳ ಮೇಲೆ ಅಲ್ಲಿ ಕೂತದ್ದು. ಅವರು ಬಡಿಯುತ್ತ ಊರ ಸುದ್ದಿ ತೆಗೆದರು. ಕೇಳುತ್ತ ಕೇಳುತ್ತ ನನ್ನ ಕೈ ನನಗೆ ತಿಳಿಯದಂತೆ ಅವರು ಬಡಿಯುತ್ತಿದ್ದ ತಟ್ಟೆಯ ಅಂಚಿಗೆ ಹೋಯಿತು. ಅತ್ತೆ ಹಿಟ್ಟಿನ ಕೈಯಿಂದ ನನ್ನ ಕೈಯ ಮೇಲೆ ಒಂದು ಏಟು ಕೊಟ್ಟರು.

"ಕೈ ತಗಿ. ಅದು ತಾನ ತಿರಗತೈತಿ. ನೀ ಸುಮ್ನ ಕುಂತು ಕೇಳು."

ತೆಗೆದೆ. ಹಿಂಗೈ ಮೇಲೆ ಬೆಳ್ಳಗೆ ನಾಲ್ಕು ಬೆರಳು ಮೂಡಿದ್ದವು. ಒರೆಸಿಕೊಳ್ಳದೆ ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಕೂತು ಕೇಳಿದೆ.