ತಲೆ ಬಾಲ ಕೂಡದ ಸರ್ಪ

ಬೆಳ್ಳಾರೆಯಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಬ್ಯಾರಿ ಅಜ್ಜಿ, ಪುತ್ತೂರಿನಲ್ಲಿರುವ ಮಗಳ ಎಳೆಗೂಸನ್ನು ಎತ್ತಿಕೊಳ್ಳಲು ಹೊರಟ ಸಂಭ್ರಮದಲ್ಲಿದ್ದರು.

"ನನ್ನ ಸೊಂಟಕ್ಕೆ ಸರ್ಪಸುತ್ತು ಆಗಿದೆ. ಸುತ್ತಿ ಬಂದು ತಲೆ ಬಾಲ ಕೂಡಿದ್ರೆ ಮಾತ್ರ ಜೀವಕ್ಕೆ ಅಪಾಯ ಅಂತಾರೆ. ನಂದು ಕೂಡ್ಲಿಲ್ಲ, ಮತ್ತೆ ಹೆದರುದು ಎಂತಕ್ಕೆ?" ಅಂದರು.

"ಅದಲ್ಲ ಉಮ್ಮಾ," ಅಂದೆ. "ಚಿಕ್ಕಂದಿನ ಚಿಕನ್‌ಪಾಕ್ಸ್ ವೈರಸ್ಸು ನರದೊಳಗೆ ಮಲಗಿದ್ದು, ಮೈಯ ಕಾವಲು ಸಡಿಲಾದಾಗ ಏಳುದು. ಗುಳ್ಳೆಯಿಂದ ಮಗುವಿಗೆ ಚಿಕನ್‌ಪಾಕ್ಸ್ ಬಂದೀತು. ಈಗ ಡಾಕ್ಟರಿಗೆ ತೋರಿಸಿ, ಒಣಗಿದ ಮೇಲೆ ಎತ್ತಿಕೊಳ್ಳಿ."

ಅಜ್ಜಿಯ ಮುಖ ಬಾಡಿತು. "ಇಷ್ಟು ವರ್ಷ ಮಲಗಿದ್ದು, ಮೊಮ್ಮಗಳು ಹುಟ್ಟಿದ ಮೇಲೆಯೇ ಏಳ್ಬೇಕಿತ್ತಾ? ನಿಮಗೆ ಚಿಕನ್‌ಪಾಕ್ಸ್ ಆಗಿದೆಯಾ?"

"ಶಾಲೆಗೆ ಹೋಗುವಾಗಲೇ ಆಗಿದೆ."

"ಹಾಗಾದ್ರೆ ನಿಮ್ಮನ್ನು ಮುಟ್ಟಬಹುದಲ್ಲ ಮಾರಾಯ್ರೆ!" ಎಂದು ನನ್ನ ಕೆನ್ನೆ ಹಿಂಡಿ ಮುತ್ತಿಟ್ಟರು. ಪುತ್ತೂರಿನಲ್ಲಿ ಇಳಿದವರು ನೇರ ಡಾಕ್ಟರ ಕ್ಲಿನಿಕ್ಕಿನ ಕಡೆಗೇ ನಡೆದರು.

ಎಷ್ಟೋ ದೇಶ ಸುತ್ತಿದ್ದೇನೆ. ಆದರೆ ಹಲ್ಲು ಮೂಡದ ಕೂಸಿನ ಬದಲಿಗೆ ಕೂತು ಅಜ್ಜಿಯ ಮುತ್ತು ಪಡೆದದ್ದು, ಇರುವ ಹಲ್ಲೂ ಅಲುಗಾಡುವ ಈ ವಯಸ್ಸಿನಲ್ಲೇ.